ಹಲ್ಲು ನೋಡಿದರೆ ಸಾಲದು

ಬೀರೂರಿನಲ್ಲಿ ಯಾರಿಗಾದರೂ ತಲೆಯೊಳಗೆ ಗಡ್ಡೆ ಇದೆಯಂತೆ ಎಂಬ ಸುದ್ದಿ ಬಂದರೆ, ಕೇಳಿಸಿಕೊಂಡವರ ಬಾಯಿಂದ ಬೀಳುವ ಮೊದಲ ಮಾತು ‘ವಯಸ್ಸೆಷ್ಟು?’ ಎಂಬತ್ತರ ಹತ್ತಿರ ಅಂದರೆ, ‘ಅಯ್ಯೋ, ಈ ವಯಸ್ಸಲ್ಲಿ ಯಾಕೆ ಕೊಯ್ಸೋದು, ಇರೋಷ್ಟು ದಿನ ನೆಮ್ಮದಿಯಾಗಿರಲಿ ಬಿಡಿ’ ಎಂಬ ತೀರ್ಪು ನಿಂತಲ್ಲೇ ಆಗಿಬಿಡುತ್ತದೆ. ಐವತ್ತೈದು ಅಂದರೆ, ‘ಇನ್ನೂ ಗಟ್ಟಿ ವಯಸ್ಸು, ತಡ ಮಾಡದೆ ಬೆಂಗಳೂರಿಗೆ ಕರ್ಕೊಂಡು ಹೋಗಿ’ ಎಂಬ ಧೈರ್ಯ. ಎರಡು ಮಾತಿನಲ್ಲೂ ಪ್ರೀತಿ ಇದೆ. ಆದರೆ ಎರಡೂ ಆಧಾರ್ ಕಾರ್ಡಿನ ಒಂದು ಸಂಖ್ಯೆಯನ್ನು ನಂಬಿ ಆಡಿದ ಮಾತು. ಆ ಸಂಖ್ಯೆಯಾದರೂ ನಿಜವೇ? ಜನವರಿ 1ಕ್ಕೆ ಹುಟ್ಟಿದ ಅಜ್ಜ ಅಜ್ಜಿಯರು ನಮ್ಮ ಸೀಮೆಯಲ್ಲಿ ಎಷ್ಟು ಮಂದಿ ಇದ್ದಾರೆಂದು ಬ್ಯಾಂಕಿನ ಗುಮಾಸ್ತರನ್ನು ಕೇಳಿ ನೋಡಿ.

ಇದೇ ಸೀಮೆಯವರು ಎತ್ತು ಕೊಳ್ಳುವಾಗ ಇಂಥ ಅವಸರ ಮಾಡುವುದಿಲ್ಲ. ಇದು ಅಮೃತಮಹಲ್ ಕಾವಲುಗಳ ನೆಲ. ಅಜ್ಜಂಪುರದಲ್ಲಿ ಆ ತಳಿಯ ಸಂವರ್ಧನಾ ಕೇಂದ್ರ ಇವತ್ತಿಗೂ ಇದೆ. ಕೊಳ್ಳುವವನು ಮೊದಲು ಬಾಯಿ ಬಿಡಿಸಿ ನೋಡುತ್ತಾನೆ: ಎರಡು ಹಲ್ಲೋ, ನಾಲ್ಕೋ, ಆರೋ, ಬಾಯ್ಗೂಡಿದೆಯೋ. ಅದರಿಂದ ತಿಳಿಯುವುದು ವಯಸ್ಸು ಮಾತ್ರ. ಆಮೇಲೆ ಹಗ್ಗ ಹಿಡಿದು ನಾಲ್ಕು ಮಾರು ನಡೆಸುತ್ತಾನೆ, ಗೊರಸು ಊರುವ ಬಗೆ ನೋಡುತ್ತಾನೆ, ಮಲಗಿದ್ದನ್ನು ಎಬ್ಬಿಸಿ ಹೇಗೆ ಏಳುತ್ತದೆಂದು ನೋಡುತ್ತಾನೆ. ಟವೆಲಿನಡಿ ಬೆರಳು ಹಿಡಿದು ದುಡ್ಡಿನ ಮಾತಾಡುವುದು ಅದಾದ ಮೇಲೆ. ಮನುಷ್ಯರ ತಲೆಯ ಆಪರೇಷನ್ ವಿಷಯಕ್ಕೆ ಬಂದಾಗ ಮಾತ್ರ ನಾವು ಹಲ್ಲು ನೋಡಿ ಎದ್ದುಬಿಡುತ್ತೇವೆ.

ವೈದ್ಯರೂ ಬಹಳ ಕಾಲ ಹೆಚ್ಚುಕಡಿಮೆ ಹೀಗೇ ಮಾಡುತ್ತಿದ್ದರು. ಅದಕ್ಕೊಂದು ತಿದ್ದುಪಡಿ ಬಂದದ್ದು ಈ ಶತಮಾನದ ಶುರುವಿನಲ್ಲಿ. 2001ರಲ್ಲಿ ಅಮೆರಿಕದ ಲಿಂಡಾ ಫ್ರೀಡ್ ಮತ್ತವರ ಸಂಗಡಿಗರು, 65 ದಾಟಿದ ಐದು ಸಾವಿರಕ್ಕೂ ಹೆಚ್ಚು ಜನರ ಮಾಹಿತಿ ಇಟ್ಟುಕೊಂಡು, ಮುಪ್ಪಿನ ನಿತ್ರಾಣವನ್ನು ಗುರುತಿಸಲು ಐದು ಲಕ್ಷಣ ಹೇಳಿದರು. ಒಂದು ವರ್ಷದಲ್ಲಿ ತಾವಾಗಿ ಪ್ರಯತ್ನಿಸದೆ ನಾಲ್ಕೂವರೆ ಕಿಲೋದಷ್ಟು ತೂಕ ಇಳಿಯುವುದು, ಸದಾ ಸುಸ್ತು, ಕೈಹಿಡಿತ ಸಡಿಲವಾಗುವುದು, ನಡಿಗೆ ನಿಧಾನವಾಗುವುದು, ಓಡಾಟ ಕಡಿಮೆಯಾಗುವುದು. ಇವುಗಳಲ್ಲಿ ಮೂರು ಇದ್ದರೆ ನಿತ್ರಾಣ. ಒಂದೆರಡು ಇದ್ದರೆ ಅದರ ಹೊಸ್ತಿಲು. ಪಟ್ಟಿಯಲ್ಲಿ ವಯಸ್ಸು ಇಲ್ಲ, ರೋಗದ ಹೆಸರೂ ಇಲ್ಲ. ಕೆನಡಾದ ಕೆನೆತ್ ರಾಕ್‌ವುಡ್ 2005ರಲ್ಲಿ ಇನ್ನೂ ಸರಳವಾದ ಅಳತೆ ಕೊಟ್ಟರು. ರೋಗಿ ಮನೆಯಲ್ಲಿ ತನ್ನ ಕೆಲಸ ತಾನು ಎಷ್ಟು ಮಾಡಿಕೊಳ್ಳುತ್ತಾರೆ ಎಂದು ವಿಚಾರಿಸಿ ಏಳು ಮೆಟ್ಟಿಲುಗಳಲ್ಲಿ ಒಂದರಲ್ಲಿ ಕೂರಿಸುವುದು. ಈಗ ಆ ಮೆಟ್ಟಿಲು ಒಂಬತ್ತಾಗಿವೆ.

ಮಿದುಳಿನ ಗಡ್ಡೆಯ ಶಸ್ತ್ರಚಿಕಿತ್ಸೆಗೆ ಈ ಲೆಕ್ಕವನ್ನು ತಂದಿಟ್ಟು ನೋಡಿದ ಅಧ್ಯಯನಗಳು ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಬೇಕಾದಷ್ಟು ಬಂದಿವೆ. ಅವುಗಳಲ್ಲಿ ಮತ್ತೆ ಮತ್ತೆ ಕಾಣುವುದು ಒಂದೇ: ಆಪರೇಷನ್ ನಂತರದ ತೊಡಕು, ಆಸ್ಪತ್ರೆಯಲ್ಲಿ ಕಳೆಯುವ ದಿನ, ಮೂವತ್ತು ದಿನದೊಳಗಿನ ಸಾವು, ಇವುಗಳ ಮುನ್ಸೂಚನೆಯನ್ನು ವಯಸ್ಸಿಗಿಂತ ನಿತ್ರಾಣ ಚೆನ್ನಾಗಿ ಕೊಡುತ್ತದೆ.

ಕಾರಣ ತಿಳಿಯಲು ದೊಡ್ಡ ವಿದ್ಯೆ ಬೇಕಿಲ್ಲ. ಗಡ್ಡೆ ತೆಗೆಯುವ ಆಪರೇಷನ್ ಅಂದರೆ ಗಂಟೆಗಟ್ಟಲೆ ಅರಿವಳಿಕೆ, ಅಷ್ಟಿಷ್ಟು ರಕ್ತ ಹೋಗುವುದು, ಆಮೇಲೆ ಹಲವು ದಿನ ಹಾಸಿಗೆ. ಇಂಥ ಹೊಡೆತ ಬಿದ್ದಾಗ ದೇಹ ತನ್ನ ಮಾಂಸಖಂಡವನ್ನೇ ಕರಗಿಸಿ ಗಾಯ ಮಾಯಿಸಿಕೊಳ್ಳುತ್ತದೆ. ಕರಗಿಸಲು ಇದ್ದವರು ಕ್ರಮೇಣ ಚೇತರಿಸಿಕೊಳ್ಳುತ್ತಾರೆ. ಇಲ್ಲದವರಿಗೆ ಕೆಮ್ಮಿ ಕಫ ಹೊರಹಾಕುವಷ್ಟೂ ಬಲ ಉಳಿಯುವುದಿಲ್ಲ, ನ್ಯುಮೋನಿಯಾ ಬರುತ್ತದೆ. ಕಾಲು ಆಡಿಸದೆ ಮಲಗಿದವರ ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ರಾತ್ರಿ ಹೊತ್ತು ತಾನೆಲ್ಲಿದ್ದೇನೆಂದು ತಿಳಿಯದೆ ಕನವರಿಸಿ ನಳಿಕೆ ಕೀಳುತ್ತಾರೆ. ಸರ್ಜನ್ ಗಡ್ಡೆಯನ್ನು ಅಚ್ಚುಕಟ್ಟಾಗಿ ತೆಗೆದಿರುತ್ತಾರೆ, ಸ್ಕ್ಯಾನಿಂಗ್ ಚೆನ್ನಾಗಿಯೇ ಬಂದಿರುತ್ತದೆ, ರೋಗಿ ಮಾತ್ರ ಏಳುವುದಿಲ್ಲ.

ಇನ್ನೊಂದು ಸೋಜಿಗವಿದೆ. ಎಲೆ ಅಡಿಕೆ ಜಗಿಯುವಾಗ ಕಣ್ಣಿಗೂ ಕಿವಿಗೂ ನಡುವೆ, ಕಣತಲೆಯಲ್ಲಿ, ಒಂದು ಸ್ನಾಯು ಎದ್ದು ಬೀಳುವುದನ್ನು ನಮ್ಮ ಅಡಿಕೆ ನಾಡಿನಲ್ಲಿ ಎಲ್ಲರೂ ನೋಡಿಯೇ ಇರುತ್ತಾರೆ. ಮಿದುಳಿನ ಎಂಆರ್‌ಐ ತೆಗೆದಾಗ ಆ ಸ್ನಾಯುವೂ ಚಿತ್ರದಲ್ಲಿ ಬಂದಿರುತ್ತದೆ. ವಿಯೆನ್ನಾದ ವೈದ್ಯರು 2017ರಲ್ಲಿ ಅದರ ದಪ್ಪವನ್ನು ಅಳೆದು, ಬೇರೆ ಕಡೆಯ ಕ್ಯಾನ್ಸರ್ ಮಿದುಳಿಗೆ ಹರಡಿದವರಲ್ಲಿ ಈ ಸ್ನಾಯು ತೆಳುವಾಗಿದ್ದಷ್ಟೂ ಬದುಕಿನ ಅವಧಿ ಕಡಿಮೆ ಇರುವುದನ್ನು ತೋರಿಸಿದರು. ಬೇರೆ ಬಗೆಯ ಗಡ್ಡೆಗಳಲ್ಲೂ ಇದನ್ನು ನೋಡುತ್ತಿದ್ದಾರೆ. ಗಡ್ಡೆ ಹುಡುಕಲು ತೆಗೆದ ಫಿಲ್ಮಿನಲ್ಲೇ ಒಡೆಯನ ಕಸುವೂ ಅಚ್ಚಾಗಿತ್ತು, ನೋಡುವ ಕಣ್ಣು ತಡವಾಗಿ ಬಂತು.

ಇಲ್ಲಿಯವರೆಗೆ ಸರಿ. ತಕರಾರು ಇರುವುದು ಈ ಅಳತೆಗಳು ಹುಟ್ಟಿದ ನೆಲಕ್ಕೂ ನಮ್ಮ ಕಡೂರು ತಾಲ್ಲೂಕಿಗೂ ಇರುವ ದೂರದಲ್ಲಿ. ಹೆಚ್ಚು ಬಳಕೆಯಲ್ಲಿರುವ ಒಂದು ಸೂಚ್ಯಂಕ ಐದೇ ಅಂಶಗಳದ್ದು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹಳೆಯ ಶ್ವಾಸಕೋಶದ ರೋಗ, ಹೃದಯ ಸೋಲುವುದು, ದಿನನಿತ್ಯದ ಕೆಲಸಕ್ಕೆ ಇನ್ನೊಬ್ಬರನ್ನು ಅವಲಂಬಿಸುವುದು. ಒಂದಕ್ಕೆ ಒಂದು ಅಂಕ, ಎರಡು ಬಂದರೆ ನಿತ್ರಾಣ. ಅಮೆರಿಕದ ಶಸ್ತ್ರವೈದ್ಯರ ಸಂಸ್ಥೆ ನೂರಾರು ಆಸ್ಪತ್ರೆಗಳಿಂದ ಕೂಡಿಸುವ ದಾಖಲೆಗಳಲ್ಲಿ ಈ ಐದು ಸಂಗತಿ ಸುಲಭವಾಗಿ ಸಿಗುತ್ತವೆ. ಅದಕ್ಕೇ ಅದರ ಮೇಲೆ ಅಷ್ಟು ಲೇಖನಗಳು. ನಮ್ಮಲ್ಲಿ ಏನಾಗುತ್ತದೆ? ಬಿ.ಪಿ., ಶುಗರ್ ಎರಡೂ ಇದ್ದು, ಮಾತ್ರೆ ನುಂಗಿಕೊಂಡು, ಬೆಳಿಗ್ಗೆ ತೋಟಕ್ಕೆ ನೀರು ಕಟ್ಟಿ, ಬಿದ್ದ ತೆಂಗಿನಕಾಯಿ ಹೊತ್ತು ತರುವ ಎಪ್ಪತ್ತರ ರೈತನಿಗೆ ಎರಡು ಅಂಕ. ಆತ ಕಾಗದದ ಮೇಲೆ ನಿತ್ರಾಣಿ. ಅತ್ತ ಹಳ್ಳಿಯ ಮೂಲೆಯ ಮನೆಯಲ್ಲಿ, ಒಪ್ಪೊತ್ತು ಉಂಡು, ಮೈಯಲ್ಲಿ ಮಾಂಸವಿಲ್ಲದೆ, ಗೋಡೆ ಹಿಡಿದು ನಡೆಯುವ ಅಜ್ಜಿಗೆ ಸೊನ್ನೆ. ಯಾಕೆಂದರೆ ಅವರ ಬಿ.ಪಿ.ಯನ್ನು ಯಾರೂ ನೋಡಿಲ್ಲ, ರಕ್ತ ಪರೀಕ್ಷೆ ಮಾಡಿಸಿಲ್ಲ, ‘ಕೆಲಸ ಮಾಡ್ಕೊಳ್ತಾರಾ?’ ಅಂದರೆ ಮನೆಯವರು ‘ಹೂಂ ಸಾರ್’ ಅಂದಿದ್ದಾರೆ. ಆ ಸೊನ್ನೆಯ ಅರ್ಥ ಆರೋಗ್ಯವಲ್ಲ, ತಪಾಸಣೆ ಆಗಿಲ್ಲ ಅಂತ. ಇಂಥ ಸೂಚ್ಯಂಕವನ್ನು ತಂದು ನಮ್ಮ ಹೊರರೋಗಿ ವಿಭಾಗದ ಗೋಡೆಗೆ ಅಂಟಿಸಿದರೆ ಅನ್ಯಾಯ ಎರಡೂ ಕಡೆಗೆ. ಫ್ರೀಡ್ ಹೇಳಿದ ಹಾಗೆ ಕೈಹಿಡಿತ, ನಡಿಗೆ, ತೂಕ ನೋಡುವುದೇ ನಮಗೆ ಹೆಚ್ಚು ಹೊಂದುತ್ತದೆ. ಅದಕ್ಕೆ ಬೇಕಾಗಿರುವುದು ಹಳೆಯ ಫೈಲಲ್ಲ, ಹತ್ತು ನಿಮಿಷದ ಪುರಸೊತ್ತು.

ಮಾಡಲಾಗದ ಕೆಲಸವೇನಲ್ಲ. 2017–18ರಲ್ಲಿ ದೇಶದ 45 ದಾಟಿದ 72 ಸಾವಿರಕ್ಕೂ ಹೆಚ್ಚು ಜನರ ಮನೆಬಾಗಿಲಿಗೆ ಹೋಗಿ ನಡೆಸಿದ ಮುಪ್ಪಿನ ಅಧ್ಯಯನದಲ್ಲಿ ಕೈಹಿಡಿತದ ಬಲವನ್ನೂ ನಡಿಗೆಯ ವೇಗವನ್ನೂ ಅಳೆದಿದ್ದರು. ಪರೀಕ್ಷಿಸಿದ್ದು ಡಾಕ್ಟರುಗಳಲ್ಲ, ತರಬೇತಿ ಪಡೆದ ಹುಡುಗ ಹುಡುಗಿಯರು.

ಇನ್ನೊಂದು ತೊಡಕು ಗಡ್ಡೆಯದೇ. ಕಾಲು ಎಳೆಯುವುದು, ಮಾತು ಕಡಿಮೆಯಾಗುವುದು, ಊಟ ಬೇಡವೆನ್ನುವುದು, ಮೂಲೆ ಹಿಡಿದು ಕೂರುವುದು, ಇವೆಲ್ಲ ಮುಪ್ಪಿನಿಂದ ಬಂದವೋ ಗಡ್ಡೆಯಿಂದ ಬಂದವೋ? ಮಿದುಳಿನ ಪೊರೆಯಲ್ಲಿ ಹುಟ್ಟುವ ಮೆನಿಂಜಿಯೋಮಾ ಎಂಬ ಗಡ್ಡೆ ಹೆಂಗಸರಲ್ಲಿ ಹೆಚ್ಚು. ಬಹುಪಾಲು ಕ್ಯಾನ್ಸರ್ ಅಲ್ಲ, ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ಅದು ಹಣೆಯ ಹಿಂದೆ ಕೂತಿತೆಂದರೆ ಲವಲವಿಕೆಯ ಹೆಂಗಸು ಮಂಕಾಗುತ್ತಾರೆ. ಮನೆಯವರು ‘ವಯಸ್ಸಾಯ್ತು, ಅರಳುಮರಳು’ ಅನ್ನುತ್ತಾರೆ. ಅಂಥವರಿಗೆ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ಕೊಟ್ಟರೆ ಗಡ್ಡೆಯ ಸುತ್ತಲಿನ ಬಾವು ಇಳಿದು ಒಂದೆರಡು ದಿನದಲ್ಲೇ ಎದ್ದು ಕೂತು ಕಾಫಿ ಕೇಳುವುದುಂಟು. ಹಾಗೆ ಎದ್ದವರ ನಿತ್ರಾಣದಲ್ಲಿ ದೊಡ್ಡ ಪಾಲು ಗಡ್ಡೆಯದು, ಗಡ್ಡೆ ಹೋದರೆ ಅದೂ ಹೋಗಬಹುದು. ಎರಡು ವರ್ಷದಿಂದಲೇ ಕರಗುತ್ತಾ ಬಂದವರ ಕಥೆ ಬೇರೆ. ಆದ್ದರಿಂದ ಕೇಳಬೇಕಾದ್ದು ‘ಇವತ್ತು ಹೇಗಿದ್ದಾರೆ’ ಎಂದಷ್ಟೇ ಅಲ್ಲ, ‘ಹೋದ ದೀಪಾವಳಿಗೆ ಹೇಗಿದ್ದರು’ ಎಂದೂ. ಸ್ಟೆರಾಯ್ಡಿನದೂ ಇನ್ನೊಂದು ಮುಖ ಇದೆ. ವಾರಗಟ್ಟಲೆ ಮುಂದುವರಿದರೆ ತೊಡೆಯ ಸ್ನಾಯುವನ್ನು ತಿನ್ನುತ್ತದೆ, ಸಕ್ಕರೆ ಏರಿಸುತ್ತದೆ. ‘ಮಾತ್ರೆಯಲ್ಲಿ ಚೆನ್ನಾಗಿದ್ದಾರಲ್ಲ’ ಎಂದು ಆಪರೇಷನ್ ಮುಂದೂಡುತ್ತಾ ಹೋದರೆ, ಕೊನೆಗೆ ಹೋಗುವ ಹೊತ್ತಿಗೆ ಕೂತಲ್ಲಿಂದ ಏಳಲಾಗುವುದಿಲ್ಲ.

ಅಮೆರಿಕದ ಅಧ್ಯಯನಗಳಲ್ಲಿ ಫಲಿತಾಂಶದ ಒಂದು ಕಾಲಂ ಇರುತ್ತದೆ: ರೋಗಿ ಡಿಸ್ಚಾರ್ಜ್ ಆಗಿ ಮನೆಗೆ ಹೋದರೋ, ಬೇರೆ ಆರೈಕೆ ಕೇಂದ್ರಕ್ಕೆ ಹೋದರೋ. ನಿತ್ರಾಣಿಗಳು ಮನೆಗೆ ಹೋಗುವುದು ಕಡಿಮೆ. ಬೀರೂರಿನಲ್ಲಿ ಆ ಕಾಲಮ್ಮಿಗೆ ಬೆಲೆಯೇ ಇಲ್ಲ, ಎಲ್ಲರೂ ಮನೆಗೇ ಬರುತ್ತಾರೆ. ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು, ಮೂತ್ರದ ಚೀಲ ಸಮೇತ. ಮನೆಯ ಮುಂದೆ ಮೂರು ಮೆಟ್ಟಿಲು, ಎತ್ತರದ ಹೊಸ್ತಿಲು, ಹಿತ್ತಲಲ್ಲಿ ಕುಕ್ಕರುಗಾಲಲ್ಲಿ ಕೂರುವ ಪಾಯಿಖಾನೆ. ಅಲ್ಲಿ ನರ್ಸಿಂಗ್ ಹೋಮ್ ಮಾಡುವ ಕೆಲಸವನ್ನು ಇಲ್ಲಿ ಸೊಸೆಯೋ ಮಗಳೋ ಮಾಡುತ್ತಾರೆ. ಮಗ್ಗುಲು ಹೊರಳಿಸುವುದು, ಮೂಗಿನ ನಳಿಕೆಯಲ್ಲಿ ಗಂಜಿ ಬಿಡುವುದು, ರಾತ್ರಿ ಮೂರು ಸಲ ಏಳುವುದು. ಅಂಗನವಾಡಿಯ ಕೆಲಸವೋ ಹೊಲಿಗೆಯ ಅಂಗಡಿಯೋ ಬಿಟ್ಟು ಆಕೆ ಕೂತಿರುತ್ತಾಳೆ. ಯಾವ ವರದಿಯಲ್ಲೂ ಅವಳ ಹೆಸರಿಲ್ಲ. ನಮ್ಮ ಊರಿಗೊಂದು ಸೂಚ್ಯಂಕ ಮಾಡುವುದಾದರೆ ‘ಎತ್ತಿ ಕೂರಿಸುವವರು ಯಾರು, ಅವರ ಸೊಂಟ ಹೇಗಿದೆ’ ಎಂಬ ಪ್ರಶ್ನೆಗೆ ಎರಡು ಅಂಕ ಇಡಬೇಕು. ಮಕ್ಕಳು ಬೆಂಗಳೂರಿನಲ್ಲಿ, ಬೀರೂರಿನ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಮುದುಕರು ಅನ್ನುವ ಮನೆಗಳು ಈಗ ಒಂದೆರಡಲ್ಲ.

ಖರ್ಚಿನ ಮಾತನ್ನು ಚುಟುಕಾಗಿ ಹೇಳಿಬಿಡಬಹುದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ರಕ್ಷಣೆ ಇದೆ. 1950ರ ದಶಕದಲ್ಲಿ ಡಾ. ಆರ್.ಎಂ. ವರ್ಮಾ ಅವರಂಥವರು ಬೆಂಗಳೂರಿನಲ್ಲಿ ನರಶಸ್ತ್ರಚಿಕಿತ್ಸೆಗೆ ನೆಲೆ ಹಾಕಿದಾಗಿನಿಂದ ಈಗ ನಿಮ್ಹಾನ್ಸ್ ಆಗಿರುವ ಸಂಸ್ಥೆ ಬಡವರ ಪಾಲಿಗೆ ಬಾಗಿಲು ತೆರೆದೇ ಇದೆ. ಆಪರೇಷನ್ನಿನ ದುಡ್ಡು ಹೇಗೋ ಆಗುತ್ತದೆ. ಆಮೇಲಿನ ಆರು ತಿಂಗಳಿಗೆ ಯಾವ ಕಾರ್ಡೂ ಇಲ್ಲ.

ಹಾಗಾದರೆ ನಿತ್ರಾಣ ಅಂತ ಕಂಡರೆ ಆಪರೇಷನ್ನೇ ಬೇಡವೇ? ಇಲ್ಲೇ ಜನ ಎಡವುವುದು. 2020ರ ಮಾರ್ಚಿನಲ್ಲಿ, ಕೊರೊನಾ ಬಂದ ಹೊಸತರಲ್ಲಿ, ಬ್ರಿಟನ್ನಿನ ನೈಸ್ ಎಂಬ ಸರ್ಕಾರಿ ಸಂಸ್ಥೆ ರಾಕ್‌ವುಡ್ ಅಳತೆಯನ್ನು ತೀವ್ರ ನಿಗಾ ಘಟಕಕ್ಕೆ ಯಾರನ್ನು ಸೇರಿಸಬೇಕೆಂದು ತೀರ್ಮಾನಿಸಲು ಬಳಸಿ ಎಂದಿತು. ಅಂಗವಿಕಲರ ಕಡೆಯವರು ಗಲಾಟೆ ಎಬ್ಬಿಸಿದರು. ಹುಟ್ಟಿನಿಂದ ಗಾಲಿಕುರ್ಚಿಯಲ್ಲಿರುವ ಮೂವತ್ತರ ಹುಡುಗನೂ ಆ ಲೆಕ್ಕದಲ್ಲಿ ‘ನಿತ್ರಾಣಿ’ ಆಗುತ್ತಿದ್ದ. ಕೆಲವೇ ದಿನಗಳಲ್ಲಿ ಸಂಸ್ಥೆ ತಿದ್ದಿಕೊಂಡಿತು: 65ರೊಳಗಿನವರಿಗೂ ಮೊದಲಿನಿಂದ ಅಂಗವೈಕಲ್ಯ ಇರುವವರಿಗೂ ಈ ಅಳತೆ ಹಿಡಿಯಬೇಡಿ. ಅಂಕಗಳು ಗುಂಪಿನ ಬಗ್ಗೆ ಸತ್ಯ ಹೇಳುತ್ತವೆ. ಎದುರಿಗೆ ಕೂತ ಒಬ್ಬರಿಗೆ ಅದನ್ನು ಬಾಗಿಲು ಹಾಕುವ ಅಗುಳಿಯಾಗಿ ಬಳಸಿದರೆ ಅದು ವೈದ್ಯವಲ್ಲ, ಗುಮಾಸ್ತಗಿರಿ.

ಅದರ ನಿಜವಾದ ಉಪಯೋಗ ಬೇರೆ, ಚಿಕಿತ್ಸೆಯ ಅಳತೆ ಬದಲಿಸುವುದು. ನಿತ್ರಾಣಿಗೆ ಸಣ್ಣ ಮೆನಿಂಜಿಯೋಮಾ ಇದ್ದರೆ ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡುತ್ತಾ ಕಾಯಬಹುದು. ತೆಗೆಯಲೇಬೇಕಾದರೂ ಒಂದಷ್ಟು ವಾರ ಸಿಕ್ಕುತ್ತವೆ. ಆ ವಾರಗಳಲ್ಲಿ ಮೊಟ್ಟೆ, ಬೇಳೆ, ಹಾಲು, ರಕ್ತಹೀನತೆಗೆ ಮದ್ದು, ದಿನಾ ಒಂದಿಷ್ಟು ನಡಿಗೆ, ಕುರ್ಚಿಯಿಂದ ಎದ್ದು ಕೂರುವ ಅಭ್ಯಾಸ ಮಾಡಿಸಿದರೆ ಆಪರೇಷನ್ನಿಗೆ ಹೋಗುವ ದೇಹ ಬೇರೆಯೇ ಆಗಿರುತ್ತದೆ. ಗ್ಲಿಯೋಬ್ಲಾಸ್ಟೋಮಾದಂಥ ಕೆಟ್ಟ ಗಡ್ಡೆಗೆ ಈ ಪುರಸೊತ್ತು ಇಲ್ಲ. ಅಲ್ಲಿ ಪೂರಾ ತೆಗೆಯುವ ಬದಲು ಬಯಾಪ್ಸಿ ಮಾತ್ರ ಮಾಡಿ, ವಿಕಿರಣವನ್ನೂ ಮೊಟಕುಗೊಳಿಸಬಹುದು. ಸಾಮಾನ್ಯ ಪದ್ಧತಿಯಲ್ಲಿ 30 ಸಲ, ಆರು ವಾರ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ನೇತೃತ್ವದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಒಂದು ಪ್ರಯೋಗ ವಯಸ್ಸಾದ, ನಿತ್ರಾಣರಾದ ಇಂಥ ರೋಗಿಗಳನ್ನೇ ತೆಗೆದುಕೊಂಡು ಮೂರು ವಾರದ 15 ಸಲವನ್ನೂ ಒಂದು ವಾರದ 5 ಸಲವನ್ನೂ ತೂಗಿ ನೋಡಿತು. ಬದುಕಿನ ಅವಧಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬೆಂಗಳೂರಿನಲ್ಲಿ ರೂಮು ಮಾಡಿ, ಆಟೋ ಹತ್ತಿಸಿ ಇಳಿಸಿ, ಆರು ವಾರ ಸವೆಸುವ ಬದಲು ಐದು ದಿನ ಇದ್ದು ಬೀರೂರಿನ ಜಗಲಿಗೆ ವಾಪಸು ಬರಬಹುದು ಅಂದರೆ, ಉಳಿದಿರುವುದೇ ತಿಂಗಳುಗಳ ಲೆಕ್ಕದ ಬದುಕಾದಾಗ, ಅದು ಸಣ್ಣ ಮಾತಲ್ಲ. ಆದರೆ ಈ ದಾರಿ ತೋರಿಸಬೇಕಾದರೆ ಮೊದಲು ಯಾರಾದರೂ ನಿತ್ರಾಣವನ್ನು ಅಳೆದು ಬರೆದಿರಬೇಕು. ಬರೆಯದಿದ್ದರೆ ಎಲ್ಲರಿಗೂ ಒಂದೇ ಅಳತೆಯ ಅಂಗಿ.

ಬೆಂಗಳೂರಿಗೆ ಹೊರಡುವ ಮುನ್ನ ಮನೆಯಲ್ಲೇ ನೋಡಿಕೊಳ್ಳಬಹುದಾದ್ದು ಬಹಳ ಇದೆ. ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು ತಿರುಗಿ ಬಂದು ಕೂರಲು ಹನ್ನೆರಡು ಸೆಕೆಂಡಿಗಿಂತ ಹೆಚ್ಚು ಬೇಕಾಗುತ್ತದೆಯೇ? ಮೊಬೈಲಿನ ಗಡಿಯಾರ ಸಾಕು. ಪಕ್ಕದಲ್ಲಿ ಒಬ್ಬರು ಕೈ ಚಾಚಿಕೊಂಡು ನಿಂತಿರಿ. ಏಷ್ಯಾದ ತಜ್ಞರ ಗುಂಪು 2019ರಲ್ಲಿ ಹೇಳಿದ ಪ್ರಕಾರ ಮೀನಖಂಡದ ಸುತ್ತಳತೆ ಗಂಡಸರಿಗೆ 34, ಹೆಂಗಸರಿಗೆ 33 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಸ್ನಾಯು ಕರಗಿದೆಯೇ ಎಂದು ಪರೀಕ್ಷಿಸಬೇಕು. ಟೈಲರ್ ಟೇಪು ಅದಕ್ಕೆ ಸಾಕು. ನಮ್ಮ ತೆಳ್ಳಗಿನ ಹಳ್ಳಿ ಹೆಂಗಸರಲ್ಲಿ ಈ ಸಂಖ್ಯೆಗೆ ಬಹಳ ಮಂದಿ ಸಿಕ್ಕಿಬೀಳುತ್ತಾರೆ, ನಿಜ. ಅದಕ್ಕೇ ಒಂದೇ ಅಳತೆ ನಂಬಬೇಡಿ. ನೆಲದ ಮೇಲೆ ಕೂತು ಉಣ್ಣುವವರು ಕೈ ಊರದೆ ಏಳುವುದನ್ನು ಯಾವಾಗ ಬಿಟ್ಟರು, ರವಿಕೆ ಸಡಿಲವಾಗಿ ಹಿಡಿಸಿದ್ದು ಯಾವಾಗ, ಹೋದ ಜಾತ್ರೆಗೆ ನಡೆದೇ ಹೋಗಿದ್ದರೇ, ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಹೋದರೆ ಸರ್ಜನ್ನಿಗೆ ಎಂಆರ್‌ಐ ಕೊಡದ ಮಾಹಿತಿ ಸಿಗುತ್ತದೆ. ಕಳೆದುಹೋದೀತೆಂದು ಕನ್ನಡಕ, ಕಿವಿಯ ಮಿಷನ್ನು, ಹಲ್ಲಿನ ಸೆಟ್ಟು ಮನೆಯಲ್ಲಿಟ್ಟು ಹೋಗುವ ಅಭ್ಯಾಸ ನಮ್ಮದು. ತೆಗೆದುಕೊಂಡೇ ಹೋಗಿ. ಕಣ್ಣು ಕಾಣದೆ ಕಿವಿ ಕೇಳದೆ ಅಪರಿಚಿತ ವಾರ್ಡಿನಲ್ಲಿ ಎಚ್ಚರವಾದ ಹಿರಿಯರಿಗೇ ಗೊಂದಲ ಹೆಚ್ಚು ಕಾಡುವುದು.

2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆಮನೆಗೆ ಹೋಗಿ ಬಿ.ಪಿ., ಶುಗರ್ ನೋಡುತ್ತಾರೆ. ಅದೇ ಹಾಳೆಯಲ್ಲಿ ಎರಡು ಸಾಲು ಸೇರಿಸಿ, ಅರವತ್ತು ದಾಟಿದವರ ತೂಕವನ್ನೂ ಕುರ್ಚಿಯಿಂದ ಏಳುವುದನ್ನೂ ವರ್ಷಕ್ಕೊಮ್ಮೆ ಬರೆದಿಟ್ಟರೆ ಹೆಚ್ಚಿನ ಖರ್ಚೇನೂ ಬರುವುದಿಲ್ಲ. ಗಡ್ಡೆಯಾಗಲಿ, ಸೊಂಟದ ಮೂಳೆ ಮುರಿಯುವುದಾಗಲಿ, ಹೃದಯವಾಗಲಿ, ಮುಂದೆ ಯಾವ ಆಪರೇಷನ್ ಬಂದರೂ ಕಳೆದ ವರ್ಷ ಹೇಗಿದ್ದರೆಂಬುದಕ್ಕೆ ಒಂದು ಬರಹ ಇರುತ್ತದೆ.

ಕೊನೆಗೆ ಒಂದು ಕಿರಿಕಿರಿ. ಡಾಕ್ಟರ ಮುಂದೆ ಎಲ್ಲ ಪ್ರಶ್ನೆಗೂ ಉತ್ತರ ಕೊಡುವವನು ಬೆಂಗಳೂರಿನಿಂದ ಬಂದ ಮಗ. ‘ಊಟ ಮಾಡ್ತಾರೆ ಸಾರ್, ಓಡಾಡ್ತಾರೆ ಸಾರ್.’ ಅವನು ಕಂಡಿರುವುದು ಹಬ್ಬದ ದಿನದ ತಾಯಿಯನ್ನು. ಸೊಸೆ ಹಿಂದೆ ಫೈಲು ಹಿಡಿದು ನಿಂತಿರುತ್ತಾಳೆ, ಅವಳನ್ನು ಯಾರೂ ಕೇಳುವುದಿಲ್ಲ. ಆ ತಾಯಿಯನ್ನಂತೂ ಕೇಳುವುದೇ ಇಲ್ಲ, ಹೆದರಿಕೊಳ್ಳುತ್ತಾರೆ ಅಂತ. ‘ಏನಜ್ಜಿ, ಈ ಆರು ತಿಂಗಳಲ್ಲಿ ಮಾಡಕ್ಕಾಗದೆ ಬಿಟ್ಟ ಕೆಲಸ ಯಾವುದು?’ ಎಂದು ಡಾಕ್ಟರು ನೇರ ಅವರತ್ತ ತಿರುಗಿ ಕೇಳಿದರೆ ನೀರು ಸೇದುವುದರಿಂದ ಹಿಡಿದು ತಲೆ ಬಾಚಿಕೊಳ್ಳುವವರೆಗೆ ಸಾಲಾಗಿ ಹೇಳಬಲ್ಲರು. ಆಪರೇಷನ್ ಬೇಕೋ ಬೇಡವೋ ಎಂಬುದನ್ನೂ ಆಗಲೇ ಅವರನ್ನೇ ಕೇಳಬಹುದು.